ಹೊಟ್ಟೆಗೆ ಹಾಕಿಕೊಂಡದ್ದು

ಈ ಊರಲ್ಲಿ ಮನುಷ್ಯರನ್ನು ಕಲ್ಲಿನ ಲೆಕ್ಕದಲ್ಲಿ ತೂಗುತ್ತಾರೆ.
ಇಪ್ಪತ್ತೊಂದು ಕಲ್ಲು, ಎಂದಳು ನರ್ಸ್ ವಿನಿಫ್ರೆಡ್,
ಸತ್ತವರ ಸುದ್ದಿ ಹೇಳುವ ಹಾಗೆ, ಮೆತ್ತಗೆ.
ಒಂದು ಗೋಡೆ ಎಬ್ಬಿಸಬಹುದಿತ್ತಲ್ಲ ತಾಯಿ,
ಅಂದೆ, ಮನಸ್ಸಿನಲ್ಲೇ, ಕನ್ನಡದಲ್ಲೇ.
ಕಿಟಕಿಯಾಚೆ ಸಂಡರ್‌ಲ್ಯಾಂಡಿನ ಬೂದಿ ಸಮುದ್ರ
ತನ್ನ ತೂಕ ಯಾರಿಗೂ ಹೇಳದೆ ಬಿದ್ದುಕೊಂಡಿತ್ತು.

ಹದಿನೆಂಟು ವರ್ಷ ಬಸ್ಸು ಓಡಿಸಿದ್ದೇನೆ,
ಸ್ಟೇಷನ್ನಿನಿಂದ ರೋಕರ್ ದಂಡೆಗೆ, ದಂಡೆಯಿಂದ ಸ್ಟೇಷನ್ನಿಗೆ.
ಸ್ಟೀರಿಂಗು ಹೊಟ್ಟೆಯ ಮೇಲೊಂದು ಗೆರೆ ಬರೆದಿತ್ತು.
ಶನಿವಾರದ ಕುಡುಕರು ಅಂದದ್ದು,
ಡಿಪೋದ ಡೆರಿಕ್ ನನ್ನ ಸೀಟಿಗೆ ಇಟ್ಟ ಹೆಸರು,
ಗಂಡ ಬಿಟ್ಟುಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ ಒಂದೇ ಒಂದು ವಾಕ್ಯ,
ಎಲ್ಲಕ್ಕೂ ದಾವಣಗೆರೆಯಿಂದ ಅಕ್ಕನದು ಒಂದೇ ಔಷಧ:
ಹೊಟ್ಟೆಗೆ ಹಾಕ್ಕೊಂಬಿಡೇ.
ಹಾಕಿಕೊಂಡೆ.
ಮೇಲೊಂದು ಚಿಪ್ಸ್ ಪೊಟ್ಟಣ, ಸಾಸೇಜ್ ರೋಲು,
ರಾತ್ರಿ ಪಾಳಿ ಮುಗಿಸಿ, ಕೋಟೂ ಬಿಚ್ಚದೆ,
ನಿಂತೇ ತಿಂದ ತಣ್ಣನೆಯ ಅನ್ನ.

ಡಾಕ್ಟರ್ ಒಕೊರೊ ಕಾಗದದ ಮೇಲೆ ಬಿಡಿಸಿದರು:
ಇದು ಈಗಿರುವುದು. ಇದು ಉಳಿಯುವುದು.
ಉಳಿಯುವುದು ಒಂದು ಬಾಳೆಹಣ್ಣು.
ಪುಟ್ಟಬಾಳೆಯೋ ಪಚ್ಚಬಾಳೆಯೋ, ಕೇಳಬೇಕೆನಿಸಿತು.
ಈ ದೇಶದಲ್ಲಿ ಬಾಳೆಗೆ ಒಂದೇ ಜಾತಿ.

ಐದು ತೂತು. ದೊಡ್ಡದು ಹೆಬ್ಬೆರಳ ಉಗುರಿನಷ್ಟು.
ಗಾಳಿ ತುಂಬಿ ಹೊಟ್ಟೆಯನ್ನು ಪೂರಿಯಂತೆ ಉಬ್ಬಿಸಿ,
ಒಂದರಲ್ಲಿ ದೀಪವೂ ಕಣ್ಣೂ, ಉಳಿದವುಗಳಲ್ಲಿ ಉದ್ದುದ್ದ ಬೆರಳು,
ಲಿವರನ್ನು ಸೆರಗಿನಂತೆ ಒಂದಿಷ್ಟು ಮೇಲೆತ್ತಿ,
ಪಿನ್ನು ಹೊಡೆಯುತ್ತಾ ಕತ್ತರಿಸುತ್ತಾ ಹೋಗುತ್ತದಂತೆ ಒಂದು ಯಂತ್ರ,
ಕಚೇರಿಯ ಕಾಗದಕ್ಕೆ ಹೊಡೆದಂತೆ, ಸಾಲು ಸಾಲು.
ಬೇರ್ಪಟ್ಟದ್ದನ್ನು ಅದೇ ತೂತಿನಿಂದ ಎಳೆದು
ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದು
(ಪಂಕಜಾಕ್ಷಿ: ಎರಡಕ್ಷರ ತಪ್ಪು)
ಲ್ಯಾಬಿಗೆ ಕಳಿಸಿದರು.
ಮುಕ್ಕಾಲು ಹೊಟ್ಟೆ. ಎಂಬತ್ತು ನಿಮಿಷ.
ನನ್ನ ಬಸ್ಸಾದರೆ ದಂಡೆ ಮುಟ್ಟಿ ವಾಪಸು ಬರುವಷ್ಟು ಹೊತ್ತು.

ಎದ್ದಾಗ ನೋವು ಹೊಟ್ಟೆಯಲ್ಲಿರಲಿಲ್ಲ, ಭುಜದಲ್ಲಿತ್ತು.
ಗ್ಯಾಸು, ಅಂದಳು ವಿನಿಫ್ರೆಡ್. ನಡೆ, ಹೋಗುತ್ತೆ.
ಗೌನಿನ ಹಿಂಬದಿ ಕೈಯಲ್ಲಿ ಹಿಡಿದು
ವಾರ್ಡಿನುದ್ದ ನಡೆದೆ, ಟಿಕೆಟ್ಟಿಲ್ಲದವಳ ಹಾಗೆ.

ಮೊದಲ ವಾರ, ಒಂದು ಲೋಟ ನೀರಿಗೆ ಒಂದು ತಾಸು.
ಐದನೆಯ ವಾರ, ಹಿಸುಕಿದ ಅನ್ನ, ತಿಳಿಸಾರು, ಮೂರು ಚಮಚ.
ನಾಲ್ಕನೆಯದಕ್ಕೆ ಎದೆಯೊಳಗೆ ಯಾರೋ ಬೆಲ್ಲು ಒತ್ತಿದರು:
ನಿಲ್ಲಿಸು.
ಹೊಟ್ಟೆ ತುಂಬಾ ಉಂಡೆಯೇನೇ? ಫೋನಿನಲ್ಲಿ ಅಕ್ಕ.
ಉಂಡೆ, ಅಂದೆ. ಎಷ್ಟೋ ವರ್ಷಗಳಲ್ಲಿ
ಮೊದಲ ಸಲ ಅದು ಸುಳ್ಳಾಗಿರಲಿಲ್ಲ.

ನಾಲ್ಕನೆಯ ತಿಂಗಳು ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು.
ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತು.
ನಿದ್ದೆಯ ಯಂತ್ರವನ್ನು ಚೀಲದಲ್ಲಿ ಕಟ್ಟಿ ವಾಪಸು ಕೊಟ್ಟೆ;
ಅದರ ಪಟ್ಟಿಯ ಗುರುತು ಮಾತ್ರ ಕೆನ್ನೆಯಲ್ಲೇ ಉಳಿಯಿತು.
ತೋಳಿನಡಿ ಚರ್ಮ ಒಣಹಾಕಿದ ಒದ್ದೆ ಟವೆಲ್ಲು.
ರಾತ್ರಿ ಎದೆಯುರಿ, ತಲೆಗೆ ಮೂರು ದಿಂಬು.
ಏಳು ಕಲ್ಲು ಇಳಿಯಿತು.
ಎಲ್ಲಿಗೆ ಹೋಗುತ್ತವೆ ಈ ಕಲ್ಲುಗಳು?

ಬುಧವಾರದ ಗುಂಪಿನಲ್ಲಿ ಗ್ಲೆನಿಸ್ ಹಾರ್ಬಾಟಲ್ ಇದ್ದಾಳೆ.
ಎಂಟು ಇಳಿಸಿದ್ದಳು. ಮೂರು ದಾರಿ ಕೇಳಿಕೊಂಡು ಮರಳಿ ಬಂದಿವೆ.
ಕರಗಿದ ಐಸ್‌ಕ್ರೀಮು ಬಾಗಿಲು ತಟ್ಟುವುದೇ ಇಲ್ಲ ಕಣೇ, ಎಂದು ನಕ್ಕಳು,
ಆಮೇಲೆ ನಗಲಿಲ್ಲ.
ಡಯಟಿಷಿಯನ್ ಹುಡುಗಿ ಪೆನ್ನು ಕೆಳಗಿಟ್ಟಳು.
ಯಾರೋ ಬಿಸ್ಕತ್ತಿಲ್ಲದ ಚಹಾ ತಂದರು.

ನಿನ್ನೆ ಕೊನೆಯ ಟ್ರಿಪ್ಪಿನಲ್ಲಿ ಒಬ್ಬ ಹುಡುಗ
ಅದೇ ಹಳೆಯ ಮಾತನ್ನು ಗಾಜಿನ ಮೇಲೆ ಉಗಿದ.
ಹೊಟ್ಟೆಗೆ ಹಾಕ್ಕೊಂಬಿಡೇ, ಅಂದಿತು ಅಭ್ಯಾಸ.
ಜಾಗ ಹುಡುಕಿದೆ. ಇರಲಿಲ್ಲ.
ಬ್ರೇಕು ಒತ್ತಿ ಬಾಗಿಲು ತೆರೆದೆ.
ಇಳಿ.
ಇಳಿದ. ನನಗೇ ಆಶ್ಚರ್ಯ.

ಡಿಪೋ ತಲುಪಿದರೂ ಕೈ ನಡುಗುತ್ತಿತ್ತು.
ಹಸಿವಲ್ಲ. ಥೇಟ್ ಹಸಿವಿನ ಹಾಗೇ ಇತ್ತು.
ದೀಪ ಆರಿಸಿ ಸೀಟಿನಲ್ಲೇ ಕೂತೆ.
ಸ್ಟೀರಿಂಗಿಗೂ ನನಗೂ ನಡುವೆ ಈಗ
ಬೆರಳಗಲಿಸಿ ಅಳೆದರೆ ಒಂದು ಗೇಣು.
ಅಲ್ಲಿ ಏನಿಡಬೇಕೋ ತಿಳಿಯದೆ
ಕೈಯನ್ನೇ ಇಟ್ಟುಕೊಂಡಿದ್ದೆ, ಸುಮಾರು ಹೊತ್ತು.