ತೊಟ್ಟಿನ ತುಂಡು

ಸೋರೆಕಾಯಿಯ ತೊಟ್ಟು ಕೊಯ್ದು
ಉಗುರಿನಷ್ಟು ತುಂಡನ್ನು
ಅಮ್ಮ ಮೊದಲು ತನ್ನ ನಾಲಿಗೆಗೆ ತಾಗಿಸುವಳು.
ಕಣ್ಣು ಮುಚ್ಚಿ, ಒಂದು ಗಳಿಗೆ,
ಗೋಡೆಯಾಚೆಯ ಮಾತಿಗೆ ಕಿವಿಗೊಟ್ಟ ಹಾಗೆ.
ಆಮೇಲೆ ಉಗುಳಿ, "ಅಡ್ಡಿಯಿಲ್ಲ."
ಆಮೇಲೆಯೇ ಮೆಟ್ಟುಕತ್ತಿಗೆ ಉಳಿದ ಕಾಯಿ.

ಕರಂದಕ್ಕಾಡಿನ ಎರಡು ಕೋಣೆಯ ಬಾಡಿಗೆಮನೆಯಲ್ಲಿ
ನಲವತ್ತು ವರ್ಷ ನಡೆದ ಪರೀಕ್ಷೆ.
ಸೌತೆಗೂ ಹೀರೆಗೂ ಪಡುವಲಕ್ಕೂ ಅದೇ ನ್ಯಾಯ.
ಹಾಗಲಕ್ಕೆ ಮಾತ್ರ ವಿನಾಯಿತಿ.

ಕಹಿಯ ಮೇಲೆ ಹಗೆಯೇನೂ ಇರಲಿಲ್ಲ ಅವಳಿಗೆ.
(ನಮ್ಮ ಬಾಯಲ್ಲಿ ಕೈಪೆ, ಆಚೆಮನೆ ಖದೀಜಮ್ಮನಿಗೆ ಕೈಪ್ಪ್,
ಶಾಲೆಯ ಪುಸ್ತಕದಲ್ಲಷ್ಟೇ ಕಹಿ.)
ಹಾಗಲಕ್ಕೆ ಉಪ್ಪು ತಿಕ್ಕಿ ಹಿಂಡುವಾಗ
ನನ್ನ ಕೈ ಹಿಡಿದು ನಿಲ್ಲಿಸುವಳು:
"ಸಾಕು, ಸ್ವಲ್ಪ ಉಳಿಯಲಿ,
ಅದಕ್ಕೇ ಅಲ್ಲವಾ ತಿನ್ನುವುದು."
ಬಾಯಿ ಕೆಟ್ಟ ದಿನ ಕಂಚಿಹುಳಿ ಸಿಪ್ಪೆಯ ಗೊಜ್ಜು,
ಹೆತ್ತವರಿಗೆ ಮೆಂತೆಗಂಜಿ.

ಅಪ್ಪ ಇದ್ದಾಗ ಆಟಿ ಅಮಾವಾಸ್ಯೆಗೆ ಹಾಲೆಯ ಕೆತ್ತೆ.
ಬೆಳಕು ಹರಿಯುವ ಮೊದಲು,
ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ.
ಆದರೆ ಹಿಂದಿನ ದಿನ ಹಗಲಲ್ಲೇ ಹೋಗಿ
ಗೆಲ್ಲಿನಲ್ಲಿ ಏಳೆಲೆ ಎಣಿಸಿ
ಬುಡಕ್ಕೆ ಬಿಳಿ ನೂಲು ಸುತ್ತಿ ಬರುತ್ತಿದ್ದ.
ಕತ್ತಲಲ್ಲಿ ಕೈಗೆ ಕಾಸರ್ಕವೂ ಮರವೇ.
ಈ ಊರಿಗೆ ಹೆಸರು ಕೊಟ್ಟದ್ದು ಅದೇ ಎನ್ನುತ್ತಾರೆ ಕೆಲವರು.
ಹೆಸರು ಕೊಟ್ಟದ್ದು ಉಸಿರೂ ತೆಗೆದೀತು.
ಎರಡರ ತೊಗಟೆಯೂ ಕೈಪೆಯೇ,
ಅಲ್ಲಿ ನಾಲಿಗೆಯ ಸಾಕ್ಷಿ ನಡೆಯುವುದಿಲ್ಲ,
ನೂಲು ಹೇಳಬೇಕು.

ಈ ಸಲದ ಜ್ವರದಲ್ಲಿ ಅಮ್ಮನ ರುಚಿ ಹೋಯಿತು.
ಉಪ್ಪು ಹೊಯಿಗೆ, ಬೆಲ್ಲ ಮಣ್ಣು.
ಯಾರಿಗೂ ಹೇಳಲಿಲ್ಲ.
ಅಭ್ಯಾಸಕ್ಕೆ ತುಂಡು ತಾಗಿಸಿದಳು,
ಅಭ್ಯಾಸಕ್ಕೆ ಕಣ್ಣು ಮುಚ್ಚಿದಳು,
"ಅಡ್ಡಿಯಿಲ್ಲ."

ಐತಪ್ಪ ಮಾವ, ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆದು ನಿವೃತ್ತ,
ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ,
ದಿನಾ ಬೆಳಗ್ಗೆ ಸೋರೆಯ ರಸ ಒಂದು ಲೋಟ.
ಮೊದಲ ಗುಟುಕಿಗೇ ಮುಖ ಕಿವುಚಿ, ನಕ್ಕ:
"ಇವತ್ತು ಮದ್ದು ಭಾರೀ ಜೋರುಂಟು!"
ಮೂಗು ಹಿಡಿದು
ತಳದ ಗಸಿಯ ತನಕ ಕುಡಿದ.

ಅರ್ಧ ಗಂಟೆ.
ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ಕೆಂಪು.
ಹಮೀದನ ಆಟೊ, ರೈಲ್ವೆ ಗೇಟು ಹಾಕಿತ್ತು,
ಗೂಡ್ಸ್ ರೈಲು ಮುಗಿಯಲೇ ಇಲ್ಲ.

ಆಸ್ಪತ್ರೆಯ ಡಾಕ್ಟರು, ಸಣ್ಣ ಪ್ರಾಯದ ಹುಡುಗಿ,
ಮಲಯಾಳ ಬೆರೆತ ಕನ್ನಡ:
"ಕೈಪೆ ಇತ್ತಾ?"
"ಇತ್ತು."
"ಮತ್ತೆ ಯಾಕೆ ಕುಡಿದದ್ದು?"
"ಕೈಪೆ ಅಲ್ಲವಾ, ಅದಕ್ಕೇ."
ಅವಳು ಪೆನ್ನು ಕೆಳಗಿಟ್ಟಳು.
ಸೋರೆ ಕೈಪೆಯಾದರೆ ಅದು ವಿಷ, ಎಂದಳು,
ಬೇಯಿಸಿದರೂ ಹೋಗುವುದಿಲ್ಲ, ಉಗುಳಿಬಿಡಿ, ಬಿಸಾಡಿ.
ಹಾಗಲ ಊಟಕ್ಕೆ ಧಾರಾಳ ತಿನ್ನಿ,
ಗುಳಿಗೆ ನುಂಗಿ ಅದರ ಮೇಲೆ ಲೋಟಗಟ್ಟಲೆ ರಸ ಬೇಡ,
ಸಕ್ಕರೆ ಇಳಿದು ಇಳಿದು ಎಚ್ಚರ ತಪ್ಪೀತು.
"ಮನೆಯಲ್ಲಿ ಯಾರೂ ರುಚಿ ನೋಡಲಿಲ್ಲವಾ?"

ಅಮ್ಮ ನಮ್ಮತ್ತ ನೋಡಲಿಲ್ಲ.
ಡ್ರಿಪ್ಪಿನ ಹನಿಗೆ ಹೇಳಿದಳು:
"ಎಂಟು ದಿನ ಆಯ್ತು. ನನಗೆ ಏನೂ ಗೊತ್ತಾಗುವುದಿಲ್ಲ."

ನಾಲ್ಕನೆಯ ದಿನ ಮಾವ ಮನೆಗೆ ಬಂದ, ತಿಳಿಗಂಜಿಗೆ.
ಇವತ್ತು ಮಾರ್ಕೆಟಿನಿಂದ ಎಳೆ ಸೋರೆ.
ಅಮ್ಮ ತೊಟ್ಟು ಕೊಯ್ದಳು,
ತುಂಡು ತುಟಿಯ ತನಕ ಹೋಗಿ
ತಿರುಗಿ
ನನ್ನ ಬಾಯಿಗೆ ಬಂತು.

ಕಣ್ಣು ಮುಚ್ಚುತ್ತೇನೆ.
ಎಷ್ಟು ಹೊತ್ತು ಕಾಯಬೇಕೆಂದು ಕೇಳಿಕೊಂಡಿರಲಿಲ್ಲ.
"ಏನು?" ಎನ್ನುತ್ತಾಳೆ.
"ನಿಲ್ಲು" ಎನ್ನುತ್ತೇನೆ.
ಒಳಗಿನಿಂದ ಮಾವ: "ಕೈಪೆ ಉಂಟಾ?"
ದನಿಯಲ್ಲಿದ್ದದ್ದು ಹೆದರಿಕೆಯೋ ಆಸೆಯೋ.