ಮೂರು ಗಂಟಿನ ಬಾಟಲಿ

ಬುಧವಾರ ಸಂಜೆಯೇ ಈರುಳ್ಳಿ ಕೂರಿಸಬೇಕು.
ಹಳೇ ಬೇರಿನ ಒಣಗಡ್ಡ ಕೆರೆದು
ಬುಡ ಮಾತ್ರ ನೀರಿಗೆ ತಾಗುವ ಹಾಗೆ
ಹಾರ್ಲಿಕ್ಸ್ ಬಾಟಲಿಯ ಬಾಯಿಗೆ.
ಮುಳುಗಿದರೆ ಕೊಳೆಯುತ್ತದೆ,
ತಾಗದಿದ್ದರೆ ಮುನಿಸಿಕೊಳ್ಳುತ್ತದೆ.
ಇದನ್ನು ಯಾವ ಪುಸ್ತಕವೂ ನನಗೆ ಹೇಳಲಿಲ್ಲ.
ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಿಂತವನು ನಾನು,
ಶಿವಮೊಗ್ಗದ ಈ ಸರ್ಕಾರಿ ಪಿಯು ಕಾಲೇಜಿನ
ಬಯಾಲಜಿ ಲ್ಯಾಬಿಗೆ ಇಪ್ಪತ್ತೆರಡು ವರ್ಷದಿಂದ ಅಟೆಂಡರು.

"ಬೆಳಿಗ್ಗೆಯೇ ಕೊಯ್ಯಬೇಕು ಹುಚ್ರಾಯಣ್ಣ,
ಕೋಶಗಳು ಒಡೆಯುವ ಹೊತ್ತದು"
ಅನ್ನುತ್ತಾರೆ ಫಿಲೋಮಿನಾ ಮೇಡಂ.
ಶುಕ್ರವಾರ ಗಾಜನೂರಿನ ಮೊದಲ ಬಸ್ಸಿಗೆ ಬಂದು
ಕೀಲಿ ತೆಗೆದು, ದೀಪಕ್ಕೆ ಸ್ಪಿರಿಟ್ಟು ತುಂಬಿ
ಬ್ಲೇಡು ಹಿಡಿದು ಕೂರುತ್ತೇನೆ.
ಹನ್ನೊಂದು ಮೈಕ್ರೋಸ್ಕೋಪು, ನಾಲ್ಕಕ್ಕೆ ಕನ್ನಡಿಯಿಲ್ಲ.
ಅಸ್ಥಿಪಂಜರದ ಎಡಗೈಗೆ ಎರಡು ಬೆರಳಿಲ್ಲ,
ಯಾವ ಬ್ಯಾಚಿನವರು ಒಯ್ದರೋ.

ಬಾಟಲಿಗಳ ಕತ್ತಿಗೆ ದಾರ ಕಟ್ಟಿದ್ದೂ ನಾನೇ.
ಒಂದು ಗಂಟು ಸಾಫ್ರನಿನ್,
ಎರಡು ಗಂಟು ಫಾಸ್ಟ್ ಗ್ರೀನ್,
ಮೂರು ಗಂಟು ಅಸಿಟೋಕಾರ್ಮಿನ್.
ಆಸಿಡ್ಡಿನ ಹಬೆಗೆ ಚೀಟಿ ಉದುರುತ್ತವೆ ಮೇಡಂ, ಅಂದಿದ್ದೆ.
ಅದು ಸುಳ್ಳೇನಲ್ಲ.

ಕಳೆದ ತಿಂಗಳು ವಂಶವೃಕ್ಷದ ಪಾಠ.
ಗಂಡಿಗೆ ಚೌಕ, ಹೆಣ್ಣಿಗೆ ಚಕ್ರ,
ದೋಷವಿದ್ದರೆ ತುಂಬ ಕಪ್ಪು,
ಒಳಗೇ ಹೊತ್ತು ದಾಟಿಸುವವಳಿಗೆ ಅರ್ಧ.
ಮೇಡಂ ಚುಕ್ಕಿಗಳ ಪುಸ್ತಕ ಬಿಡಿಸಿ ಎತ್ತಿ ಹಿಡಿದರು.
"ಹನ್ನೆರಡು!" ಅಂದವು ಮಕ್ಕಳು.
"ಎಪ್ಪತ್ತನಾಲ್ಕು!"
ಟ್ರೇ ಹಿಡಿದು ಬಾಗಿಲಲ್ಲಿ ನಿಂತವನಿಗೆ
ಚುಕ್ಕಿ. ಬರೀ ಚುಕ್ಕಿ.
ರಾಗಿ ಚೆಲ್ಲಿದ ಹಾಗೆ.

ಆಗ ನೆನಪಾದದ್ದು ಕೇಪಳೆ ಹಣ್ಣು.
ನನ್ನ ಓರಗೆಯವರೆಲ್ಲ ಚಡ್ಡಿ ಜೇಬು ತುಂಬಿಕೊಂಡು
ತುಟಿ ಅಂಟು ಮಾಡಿಕೊಂಡು ಬಂದರೆ
ನಾನು ಅದೇ ಗಿಡದ ಸುತ್ತ ಸುತ್ತಿ ಬರಿಗೈ.
"ಕಣ್ಣು ಎಲ್ಲಿಟ್ಟಿದೀಯ ಮುಂಡೇದೆ" ಅಂತ
ಬೆನ್ನಿಗೊಂದು ಕೊಟ್ಟಿದ್ದಳು ಅವ್ವ.

ಟ್ರೇ ಇಳಿಸಿದೆ. ಒಂದು ವಾಚ್ ಗ್ಲಾಸು ಒಡೆಯಿತು.
ಯಾರೂ ಏನೂ ಅನ್ನಲಿಲ್ಲ.

ಇದೇ ಕ್ಲಾಸಿನ ಮೂರನೇ ಬೆಂಚು, ಗೋಡೆ ಬದಿ:
ಎಚ್. ಗುತ್ಯಮ್ಮ, ನನ್ನ ಮಗಳು.
ಲ್ಯಾಬಿನೊಳಗೆ ನನ್ನನ್ನು ಅಪ್ಪ ಅನ್ನುವುದಿಲ್ಲ,
ಎಲ್ಲರ ಹಾಗೆ "ಅಣ್ಣ, ಕವರ್ ಸ್ಲಿಪ್" ಅನ್ನುತ್ತಾಳೆ.
ಅವಳೇ ಹಾಗೆ ಮಾಡಿಕೊಂಡದ್ದು, ನಾನೂ ಒಪ್ಪಿದ್ದೆ.

ಸಹಿಗೆ ಹೊತ್ತ ರೆಕಾರ್ಡುಗಳ ಅಟ್ಟಿಯಲ್ಲಿ
ಅವಳದ್ದನ್ನು ಸ್ಟಾಫ್ ರೂಮಿನ ಮೆಟ್ಟಿಲಲ್ಲೇ ತೆರೆದೆ.
ಪುಟ ನಲವತ್ತೊಂದು. ಸ್ಕೇಲಿಟ್ಟು ಎಳೆದ ಗೆರೆ.
ನಾನು: ತುಂಬ ಕಪ್ಪಿನ ಚೌಕ.
ಅವಳು: ಅರ್ಧ ಚಕ್ರ.
ಮೇಲೆ ಅವ್ವ. ಬೈದು ಗುದ್ದಿದ ಅವ್ವ.
ಅವಳೂ ಅರ್ಧ ಚಕ್ರ!
ಪುರಾವೆ ಅಂತ ಕೆಳಗೆ ಪೆನ್ಸಿಲಿನಲ್ಲಿ ಬರೆದು
ಅಳಿಸಿದ್ದಳು. ಬೆಳಕಿಗೆ ಓರೆ ಹಿಡಿದರೆ ಓದಬಹುದು:
"ಬಾಟಲಿ ಕತ್ತಿನ ದಾರ."

ಎಷ್ಟು ದಿನದಿಂದ ಗೊತ್ತಿತ್ತೋ.
ಯುಗಾದಿಗೆ ಅಂಗಿ ಆರಿಸುವಾಗೆಲ್ಲ
"ಇದೇ ಇರಲಿ" ಅಂತ ಮೊದಲೇ ಎತ್ತಿ ಕೊಡುತ್ತಿದ್ದಳು.

ನಿನ್ನೆ ಶುಕ್ರವಾರ. ಬೇರಿನ ತುದಿ ಬಿಸಿ ಮಾಡಿ,
ಬ್ಲಾಟಿಂಗ್ ಕಾಗದದ ಮೇಲೆ ಹೆಬ್ಬೆರಳೊತ್ತಿ,
ಲೆನ್ಸು ಇಳಿಸಿ, ತಿರುಗಿಸಿ, ಹಿಂದೆ ಸರಿದಳು.
"ನೋಡಿ."
ಇಪ್ಪತ್ತೆರಡು ವರ್ಷ ಒರೆಸಿದ್ದೇನೆ ಆ ಕಣ್ಣುಗಾಜನ್ನು,
ಬಗ್ಗಿ ನೋಡಿದ್ದು ಇದೇ ಮೊದಲು.

ಬಣ್ಣ ಯಾವುದೋ, ಅವರೇ ಹೇಳಲಿ.
ನನಗೆ ಕಂಡದ್ದು ಎಳೆ.
ಕೊಯ್ದ ಕ್ಷಣದಲ್ಲೇ ನಿಂತುಬಿಟ್ಟ
ಸಣ್ಣ ಸಣ್ಣ ತುಂಡು ದಾರ,
ಅರ್ಧ ಈ ಕಡೆಗೆ, ಅರ್ಧ ಆ ಕಡೆಗೆ
ಯಾರೋ ಜಗ್ಗಿದ ಹಾಗೆ ಬಾಗಿ.

"ಕಂಡಿತಾ?"
"ಹೂಂ."
ಮೇಡಂ ಬೋರ್ಡಿನ ಕಡೆ ತಿರುಗಿದ್ದರು.
ಅವಳು ಸ್ಲೈಡು ಸರಿಸುತ್ತ, ನನ್ನ ಕಡೆ ನೋಡದೆ
ಮೆಲ್ಲಗೆ ಕೇಳಿದಳು:
"ಹೊಸಾ ಬಾಟಲಿ ಬಂದಿದೆಯಲ್ಲ ಅಪ್ಪ,
ಅದಕ್ಕೆ ಎಷ್ಟು ಗಂಟು?"