ಬೇರಿಂಗು

ಹೇಳಿಬಿಡುತ್ತೇನೆ, ರಿಪೇರಿ ಮಾಡಿದವನು ನಾನೇ.

ವೆಂಟಾ ನದಿಯ ದಂಡೆಯಲ್ಲಿ ನಮ್ಮ ಚರ್ಚು.
ಅದರ ನೆಲದಡಿಯ ಕೋಣೆಯಲ್ಲಿ ಮೂವತ್ತು ವರ್ಷದಿಂದ
ಬಾಯ್ಲರಿನ ಪಂಪು ಗುಂಯ್‌ಗುಡುತ್ತಿತ್ತು,
ಹಗಲಿಗೂ ಇರುಳಿಗೂ ಒಂದೇ ಸ್ವರ.
ಎ ಫ್ಲ್ಯಾಟ್ ಅನ್ನೋಣ, ಆದರೆ ತುಸು ಕೆಳಗೆ,
ಆರ್ಗನ್ನಿನ ಯಾವ ಮನೆಯೂ ಒಳಗೆ ಕರೆಯದ ಸ್ವರ.
ಮದುವೆಗೆ ಬಂದವರು ಬಯ್ಯುತ್ತಿದ್ದರು.
ಶವಸಂಸ್ಕಾರದಲ್ಲಿ ಯಾರೂ ಬಯ್ದದ್ದಿಲ್ಲ.

ಮುದೀತೆ ಬಂದದ್ದು ಅಕ್ಟೋಬರಿನಲ್ಲಿ, ರೀಗಾದ ಬಸ್ಸಿನಿಂದ.
ಸಂಯೋಜಕರೆಂದರೆ ನಮಗೆ
ರಿಹರ್ಸಲ್ ಕೋಣೆಯ ಗೋಡೆಯಲ್ಲಿ ಗಡ್ಡ ಬಿಟ್ಟು ಸತ್ತವರು.
ಈಕೆ ಬದುಕಿದ್ದಳು. ಮೂಗು ಸೋರುತ್ತಿತ್ತು.
ಉಪ್ಪುಮೀನಿಟ್ಟ ರೊಟ್ಟಿಯನ್ನು ಮುಂದಿನ ಬೆಂಚಲ್ಲೇ ತಿಂದು
ಕಾಗದದಲ್ಲಿ ಬೆರಳೊರೆಸಿಕೊಂಡಳು.
ಆ ಕಾಗದದಲ್ಲೇ ಗೆರೆ ಎಳೆದಳು, ಐದೈದು.

ಚರ್ಚಿನ ಮುನ್ನೂರನೇ ವರ್ಷಕ್ಕೆ ಹೊಸ ಹಾಡು ಬೇಕಿತ್ತು.
ಪಾದ್ರಿ ಟಾಲಿವಾಲ್ಡಿಸ್ ಕೊಟ್ಟ ಉದ್ದುದ್ದ ಸಾಹಿತ್ಯವನ್ನು
ಮಡಚಿ ಬೆಂಚಿನ ಅಲುಗುವ ಕಾಲಿಗೆ ಕೊಟ್ಟು
ಒಂದೇ ಮಾತು ಇಟ್ಟುಕೊಂಡಳು:
ಕರುಣಿಸು.
ನಾಲ್ಕಕ್ಷರ. ಹದಿನಾಲ್ಕು ನಿಮಿಷ.

ಮೂರು ರಾತ್ರಿ ಕೋಟು ಬಿಚ್ಚದೆ ಒಬ್ಬಳೇ ಕೂತಳು.
ಕೀಲಿ ಹಾಕಲು ಹೋದಾಗ ನೋಡಿದೆ,
ಮಂಡಿಯೂರಿದ್ದಾಳೆ. ಪ್ರಾರ್ಥನೆ ಅಂದುಕೊಂಡೆ.
ಅಲ್ಲ, ಕಿವಿ ಕಲ್ಲಿಗೆ ಅಂಟಿತ್ತು.
"ಗುಂಟಿಸ್, ಇದನ್ನು ಬರೆದವರು ಯಾರು?"
"ತುಕ್ಕು," ಅಂದೆ.

ಬಿಳಿ ಹಾಳೆಯಾಗಿ ಬಂತು ಬಾಸ್ ಗಾಯಕರ ಮೊದಲ ಪುಟ.
ನಾವು ನಾಲ್ವರು: ಹಲ್ಲಿನ ಡಾಕ್ಟರು, ಜೇನು ಸಾಕುವವ,
ಸುಂಕದ ಕಟ್ಟೆಯಿಂದ ನಿವೃತ್ತನಾದವ, ನಾನು.
ಮುಖ ಮುಖ ನೋಡಿಕೊಂಡೆವು.
"ನಾವೇನು ಹಾಡಲಿ?"
"ಸುಮ್ಮನಿರಿ. ಅಲ್ಲಿ ನೆಲ ಹಾಡುತ್ತದೆ."

ಇಲ್ಗಾ, ನಮ್ಮ ಹಿರಿಯ ಸೊಪ್ರಾನೊ,
ನಲವತ್ತು ವರ್ಷ ಒಂದೆಳೆಯೂ ಜಾರದವಳು, ಸಿಡಿದಳು:
"ತಪ್ಪು ಶ್ರುತಿಗೆ ಸರಿಯಾಗಿ ಹಾಡುವುದೆಂದರೇನು?"
ಮುದೀತೆ ಯೋಚಿಸಿದಳು, ಬಹಳ ಹೊತ್ತು.
"ಗೊತ್ತಿಲ್ಲ. ನೀವು ಹಾಡಿದರೆ ಗೊತ್ತಾದೀತು."
ಚಳಿಗಾಲವಿಡೀ ಹಾಡಿದೆವು. ಗುರುವಾರ ಗುರುವಾರ.
ಶ್ರುತಿಕವೆಯನ್ನು ಇಲ್ಗಾ ಮನೆಯಲ್ಲೇ ಬಿಟ್ಟು ಬರತೊಡಗಿದಳು.

ಫೆಬ್ರವರಿ. ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಕಛೇರಿಗೆ ಎರಡು ದಿನವಿದೆ ಅನ್ನುವಾಗ ಪಂಪು ಕೆಮ್ಮಿತು.
ಬಿಟ್ಟರೆ ಬೆಳಗಾಗುವುದರೊಳಗೆ ಕೊಳವೆ ಸೀಳುತ್ತದೆ.
ಬಿಡಲಿಲ್ಲ. ಹಳೆಯ ಬೇರಿಂಗು ಕಿತ್ತೆ,
ಅಂಗೈಯಲ್ಲಿ ಮುಚ್ಚಿಹೋಗುವ ಉಂಗುರ,
ಹೊಸತು ಹನ್ನೊಂದು ಯೂರೊ, ಕೂರಿಸಿದೆ,
ಎಣ್ಣೆ ಹಚ್ಚಿದೆ, ಗುಂಡಿ ಒತ್ತಿದೆ,
ಕೈ ಒರೆಸಿಕೊಳ್ಳುವಾಗ ಕೇಳಿಸಿತು
ಏನೂ ಕೇಳಿಸುತ್ತಿಲ್ಲ ಅನ್ನುವುದು.

ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದೆ.
ಹಳತನ್ನೇ ಮತ್ತೆ ಹಾಕುತ್ತೇನೆ, ಜೇಬಲ್ಲಿದೆ, ಅಂದೆ.
ಆ ಕಡೆ ಉಸಿರು, ಯಾವುದೋ ಟ್ರಾಮು ತಿರುಗಿದ ಸದ್ದು.
"ಒಳಗೆ ಬೆಚ್ಚಗಿದೆಯಾ?"
"ಇದೆ."
"ಮಕ್ಕಳೂ ಬರುತ್ತಾರಲ್ಲ. ಇರಲಿ ಬಿಡು."
ಒಂದು ಸ್ವರವನ್ನೂ ಅವಳು ತಿದ್ದಲಿಲ್ಲ.

ಶನಿವಾರ ಸಂಜೆ. ಬೆಂಚು ತುಂಬಿ ಗೋಡೆಗೂ ಜನ.
ಮುದೀತೆ ಕೈ ಎತ್ತಿದಳು, ನಮ್ಮತ್ತ ಅಲ್ಲ, ನೆಲದತ್ತ,
ಬರೆದದ್ದನ್ನು ಬರೆದ ಹಾಗೇ,
ಮೊದಲ ಪುಟವಿಡೀ ಏನೂ ಇಲ್ಲದ್ದಕ್ಕೆ ತಾಳ ಹಾಕಿದಳು.
ಯಾರೋ ಕೆಮ್ಮಿದರು. ಮೇಣದ ಬತ್ತಿಯೊಂದು ಚಟ್ ಎಂದಿತು.
ಜೇಬಿನಲ್ಲಿ ಆ ಉಂಗುರ ಹಿಸುಕಿದೆ, ಬೆಣ್ಣೆಯಲ್ಲವಲ್ಲ ಅದು,
ಅಂಗೈಗೆ ಅಚ್ಚು ಬಿತ್ತು.

ಆಮೇಲೆ ಇಲ್ಗಾ ಬಾಯಿ ತೆರೆದಳು.
ಎಲ್ಲಿಂದ ಎತ್ತಿದಳೋ,
ಅದೇ ಸ್ವರ, ತುಸು ಕೆಳಗೆ, ಅಷ್ಟೇ ಕೆಳಗೆ.
ಅವಳ ಹಿಂದೆ ಮೂವತ್ತು ಮಂದಿ.
ಹಾಡುವ ಸರದಿ ಬಂದಾಗ ನನಗೆ ಹಾಡಲಾಗಲಿಲ್ಲ,
ಜೇನಿನವನು ಮೊಣಕೈಯಲ್ಲಿ ತಿವಿದ ಮೇಲೆ ಹಾಡಿದೆ.

ಮುಂದಿನ ವಾರ ಪತ್ರಿಕೆಯಲ್ಲಿ ಬಂತು, ರೀಗಾದವನೊಬ್ಬ:
ಕೃತಿ ಗಂಭೀರ, ಮೊದಲ ಮೌನ ತುಸು ದೀರ್ಘ,
ಗಾಯಕರ ಶ್ರುತಿ ಮಾತ್ರ ಉದ್ದಕ್ಕೂ ಕೆಳಗಿತ್ತು,
ಚರ್ಚಿನ ಚಳಿ ಕಾರಣವಿರಬಹುದು.

ಮಿಕ್ಕದ್ದೆಲ್ಲ ಅವನಿಷ್ಟ.
ಚಳಿ ಅಂದನಲ್ಲ, ಅದನ್ನು ಒಪ್ಪುವುದಿಲ್ಲ.
ಇಪ್ಪತ್ತೊಂದು ಡಿಗ್ರಿಯಿತ್ತು ಒಳಗೆ.
ನಾನೇ ನೋಡಿದ್ದೇನೆ.